ಬಂಡೆ ಎತ್ತಿದ ಮೇಲೆ

ಬಂಡೆಯ ಕೆಳಗಿಂದ ಬಿಡಿಸಿ ತಂದವನು ಸ್ಟ್ರೆಚರಿನ ಮೇಲೆ ಎದ್ದು ಕೂತು ಬೀಡಿ ಕೇಳಿದ. ಆಸ್ಪತ್ರೆಯ ಬಾಗಿಲಲ್ಲಿ ನೆರೆದಿದ್ದ ಜನವೆಲ್ಲ ಗೊಳ್ಳೆಂದು ನಕ್ಕಿತು. ಬೆಳಗಿನ ಪಾಳಿಗೆ ಗಣಿಗೆ ಇಳಿದ ಮನುಷ್ಯ ದೀಪ ಹಚ್ಚುವ ಹೊತ್ತಿಗೆ ಜೀವಂತ ಮೇಲೆ ಬಂದಿದ್ದಾನೆ, ಮೂಳೆ ಮುರಿದಿಲ್ಲ, ದೊಡ್ಡ ಗಾಯವಿಲ್ಲ, ಮಾತಾಡುತ್ತಿದ್ದಾನೆ. ನಗದೆ ಇನ್ನೇನು ಮಾಡುತ್ತಾರೆ? ಅವನ ಹೆಂಡತಿ ಅತ್ತು ಅತ್ತು ಊದಿದ್ದ ಮುಖದಲ್ಲೇ ಗಂಡನನ್ನು ಗದರಿಕೊಂಡಳು.

"ಬೀಡಿ ಬೇಕಂತೆ ಬೀಡಿ! ಉಸುರು ಉಳ್ಕಂಡಿದ್ದೇ ಎಚ್ಚು, ಸುಮ್ಕೆ ಮಲ್ಕೊ."

ಅಲ್ಲಿ ನಗದೆ ನಿಂತವಳು ನಾನೊಬ್ಬಳೇ.

ಎಂಬತ್ತರ ದಶಕದ ಮೊದಲ ವರ್ಷಗಳು. ಕೆ.ಜಿ.ಎಫ್.ನ ಒಂದು ಆಸ್ಪತ್ರೆಯಲ್ಲಿ ನಾನು ಡ್ಯೂಟಿ ಡಾಕ್ಟರಾಗಿದ್ದೆ. ಅವತ್ತು ಬೆಳಗ್ಗೆ ಆಂಡರ್ಸನ್‌ಪೇಟೆಯ ನನ್ನ ಬಾಡಿಗೆ ಮನೆಯಲ್ಲಿ ಸ್ಟ್ಯಾಂಡಿನ ಪಾತ್ರೆಗಳೆಲ್ಲ ಗಲಗಲ ಎಂದಿದ್ದವು. ಭೂಮಿಯ ಆಳದಲ್ಲಿ ಬಂಡೆ ಸಿಡಿದಿದೆ ಎಂದು ಊರಿಗೆ ಗೊತ್ತಾಗುವುದೇ ಹೀಗೆ. ಇಲ್ಲಿಯವರು ಅದನ್ನು ಏರ್ ಬ್ಲಾಸ್ಟ್ ಅನ್ನುತ್ತಾರೆ. ಪಾತ್ರೆ ಅಲುಗಿತೆಂದರೆ ಗಂಡನೋ ಮಗನೋ ಪಾಳಿಯಲ್ಲಿರುವ ಹೆಂಗಸರು ಒಲೆ ಆರಿಸಿ ಗಣಿಗೆ ಇಳಿಯುವ ಶಾಫ್ಟಿನ ಕಡೆ ನಡೆಯುತ್ತಾರೆ. ಇವನ ಹೆಂಡತಿಯೂ ಉರಿಗಾಂನ ಕಾರ್ಮಿಕರ ಲೈನ್ ಮನೆಯಿಂದ ಹಾಗೇ ಹೋಗಿ, ಊಟ ನೀರಿಲ್ಲದೆ ಹಗಲೆಲ್ಲ ಅಲ್ಲೇ ನಿಂತಿದ್ದಳು.

ಬಂಡೆ ಬಿದ್ದದ್ದು ಅವನ ಬಲಗಾಲಿನ ಮೇಲೆ, ತೊಡೆಯಿಂದ ಕೆಳಕ್ಕೆ. ಜಜ್ಜಿರಲಿಲ್ಲ, ಒತ್ತಿ ಹಿಡಿದಿತ್ತು. ಅದು ಜಜ್ಜಿದ್ದಕ್ಕಿಂತ ಕೆಟ್ಟದ್ದು ಎಂದರೆ ಯಾರೂ ನಂಬುವುದಿಲ್ಲ. ಒತ್ತಿ ಹಿಡಿದ ಕಾಲಿಗೆ ರಕ್ತ ಹೋಗುವುದಿಲ್ಲ. ಸ್ನಾಯುವಿನ ಒಂದೊಂದು ಜೀವಕೋಶವೂ ಉಸಿರಿಲ್ಲದೆ, ಅನ್ನವಿಲ್ಲದೆ ಕೂತಿರುತ್ತದೆ. ಕೋಶ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಕಷ್ಟ ಬಂತೆಂದು ಗೊತ್ತಾದ ಕೂಡಲೇ ಬೇಡದ ಕೆಲಸಗಳನ್ನೆಲ್ಲ ನಿಲ್ಲಿಸುತ್ತದೆ, ಇದ್ದಬದ್ದ ಸಕ್ಕರೆ ಸುಟ್ಟುಕೊಂಡು ಹೊತ್ತು ದೂಡುತ್ತದೆ, ಒಳಗಿನ ಪ್ರೋಟೀನುಗಳು ಕೆಡದ ಹಾಗೆ ಹಿಡಿದು ನಿಲ್ಲಿಸುವ ಕಾವಲು ಪ್ರೋಟೀನುಗಳನ್ನು ಮಾಡಿಕೊಳ್ಳುತ್ತದೆ. ಆದರೆ ಒಂದು ಕೆಲಸ ಮಾತ್ರ ನಿಲ್ಲಿಸುವ ಹಾಗಿಲ್ಲ. ಪೊಟ್ಯಾಸಿಯಂ ಎಂಬ ಲವಣವನ್ನು ಒಳಗೆ ಹಿಡಿದಿಡುವ ಪಂಪು ನಡೆಯುತ್ತಲೇ ಇರಬೇಕು. ಅದು ನಿಂತರೆ ಕೋಶ ನೀರು ಕುಡಿದು ಊದಿ, ಪೊರೆ ಹರಿದು, ಒಳಗಿದ್ದದ್ದೆಲ್ಲ ಹೊರಗೆ ಚೆಲ್ಲುತ್ತದೆ.

ಬಂಡೆ ಮೇಲಿರುವಷ್ಟು ಹೊತ್ತು ಆ ಚೆಲ್ಲಿದ್ದೆಲ್ಲ ಕಾಲಿನಲ್ಲೇ ನಿಂತಿರುತ್ತದೆ. ಬಂಡೆ ಎತ್ತಿದ ಮೇಲೆ ರಕ್ತ ಒಳಗೆ ನುಗ್ಗಿ ಅದನ್ನೆಲ್ಲ ಬಾಚಿಕೊಂಡು ಹೃದಯಕ್ಕೂ ಕಿಡ್ನಿಗೂ ತರುತ್ತದೆ. ಪೊಟ್ಯಾಸಿಯಂ ಹೆಚ್ಚಾದರೆ ಹೃದಯ ನಿಲ್ಲುತ್ತದೆ. ಸ್ನಾಯುವಿನ ಕೆಂಪು ಬಣ್ಣ ಕಿಡ್ನಿಯ ಸಣ್ಣ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಂಡರೆ ಮೂತ್ರ ನಿಲ್ಲುತ್ತದೆ. ಬಂಡೆಯ ಅಡಿಯಲ್ಲಿ ಮಾತಾಡುತ್ತಿದ್ದವನು ಹೊರಗೆ ಬಂದ ಮೇಲೆ ಸಾಯುತ್ತಾನೆ. ಇಂಥದ್ದನ್ನು ನಾನು ಅದಕ್ಕೆ ಮುಂಚೆ ಒಂದು ಸಲ ನೋಡಿದ್ದೆ. ಆ ಮನುಷ್ಯನೂ ನಗುನಗುತ್ತಲೇ ಬಂದಿದ್ದ.

ಹೆದರಿಕೆಯಾದರೆ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಜಾಯಮಾನ. ಬಾಗಿಲಲ್ಲಿದ್ದವರನ್ನೆಲ್ಲ ಬೈದು ಹೊರಗೆ ಕಳಿಸಿದೆ. ಸ್ಟ್ರೆಚರ್ ನಿಧಾನ ತಳ್ಳಿದ್ದಕ್ಕೆ ಬೈದೆ, ಜೋರಾಗಿ ತಳ್ಳಿದ್ದಕ್ಕೂ ಬೈದೆ. ನಮ್ಮ ಹೆಡ್ ಸಿಸ್ಟರ್ ತಮಿಳಿನವರು, ವಯಸ್ಸಿನಲ್ಲಿ ನನಗೆ ಅಮ್ಮನ ಸಮ. ಅವರು ಉಳಿದ ಸಿಸ್ಟರುಗಳಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು: "ಡಾಕ್ಟ್ರಮ್ಮ ಬೈತಾ ಇದಾರಲ್ಲ, ಹಂಗಾದ್ರೆ ಕೇಸು ರೊಂಬ ಸೀರಿಯಸ್ಸು. ಬೇಗ ಬೇಗ ಬನ್ನಿ."

ಎರಡೂ ಕೈಗೆ ಡ್ರಿಪ್ ಹಾಕಿದೆವು. ಸಲೈನ್ ಸುರಿದೆವು, ಕೆಂಪು ಬಣ್ಣ ಕೊಳವೆಗಳಲ್ಲಿ ಗಟ್ಟಿಯಾಗದಿರಲೆಂದು ಸೋಡಾಬೈಕಾರ್ಬ್ ಕೊಟ್ಟೆವು. ಮೂತ್ರಕ್ಕೆ ಕೊಳವೆ ಹಾಕಿದಾಗ ಬಾಟಲಿಗೆ ಇಳಿದದ್ದು ಸ್ವಲ್ಪವೇ, ಕಾಫಿ ಡಿಕಾಕ್ಷನ್ ಬಣ್ಣದ್ದು. ಹೆಡ್ ಸಿಸ್ಟರ್ ಬಾಟಲಿ ನೋಡಿದರು, ನನ್ನ ಮುಖ ನೋಡಿದರು.

ಬೆಳಗಾಗುವಷ್ಟರಲ್ಲಿ ಕಾಲು ಊದಿ ರಾಗಿ ತುಂಬಿದ ಚೀಲದ ಹಾಗೆ ಬಿರುಸಾಗಿತ್ತು. ಪಾದ ತಣ್ಣಗಿತ್ತು. ಬೆರಳಿಗೆ ಸೂಜಿ ಚುಚ್ಚಿದರೆ ಅವನಿಗೆ ಗೊತ್ತಾಗುತ್ತಿರಲಿಲ್ಲ. ನಮ್ಮ ಸರ್ಜನ್ನರನ್ನು ಆಸ್ಪತ್ರೆಯಲ್ಲಿ ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಮಾತು ಕಡಿಮೆ, ಕೈ ಶುದ್ಧ. ಅವರು ಬಂದು ಕಾಲು ಮುಟ್ಟಿ ನೋಡಿ, "ಥಿಯೇಟರಿಗೆ ತನ್ನಿ" ಎಂದರು.

ಮೊಣಕಾಲಿನ ಕೆಳಗೆ ಎರಡೂ ಪಕ್ಕದಲ್ಲಿ ಉದ್ದಕ್ಕೆ ಕೊಯ್ದು ಒಳಗಿನ ಬಿಗಿಯನ್ನು ಬಿಡಿಸಿದರು. ಬಿಡಿಸಿದ್ದೇ ತಡ, ಸ್ನಾಯು ಹೊರಕ್ಕೆ ಉಬ್ಬಿಕೊಂಡು ಬಂತು. ಬದುಕಿದ ಸ್ನಾಯು ಯಾವುದು, ಸತ್ತದ್ದು ಯಾವುದು ಎಂದು ತಿಳಿಯುವುದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಚಿಮುಟದಿಂದ ಚಿವುಟಬೇಕು. ಬದುಕಿದ್ದರೆ ಅದುರುತ್ತದೆ, ಕೊಯ್ದರೆ ರಕ್ತ ಬರುತ್ತದೆ. ಸತ್ತಿದ್ದರೆ ಬೇಯಿಸಿದ ಮಾಂಸದ ಬಣ್ಣಕ್ಕೆ ತಿರುಗಿ ಸುಮ್ಮನೆ ಬಿದ್ದಿರುತ್ತದೆ. ದೊಡ್ಡ ಡಾಕ್ಟರು ಮೇಲಿನಿಂದ ಕೆಳಗೆ ಚಿವುಟುತ್ತ ಬಂದರು. ಇಲ್ಲಿ ಅದುರಿತು. ಇಲ್ಲಿ ಇಲ್ಲ. ಇಲ್ಲಿ ಅದುರಿತೋ ಇಲ್ಲವೋ, ಇಬ್ಬರಿಗೂ ಗೊತ್ತಾಗಲಿಲ್ಲ. ಮತ್ತೆ ಚಿವುಟಿದರು. ನಾನು ಆ ಮಾಂಸವನ್ನೇ ನೋಡುತ್ತಿದ್ದೆ.

"ಅರೆಬರೆ ಇದೆ," ಎಂದರು. "ತೊಡೆ ಹತ್ರ ತೆಗೆದುಬಿಡೋದು ವಾಸಿ. ಸತ್ತದ್ದು ಒಳಗಿದ್ದಷ್ಟೂ ಕಿಡ್ನಿಗೆ ವಿಷ. ಕಾಲು ಉಳಿಸೋಕೆ ಹೋಗಿ ಆಳನ್ನ ಕಳ್ಕೋಬೇಡಿ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಪುಸ್ತಕದಲ್ಲೂ ಹಾಗೇ ಇದೆ. ಆದರೆ ಅದುರಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಅರೆಜೀವ ಇರುವ ಕೋಶ ಇವತ್ತು ಸತ್ತ ಹಾಗೆ ಕಂಡು, ರಕ್ತ ಸಿಕ್ಕಿದರೆ ನಾಳೆ ಎದ್ದು ಕೂರಬಹುದು. ಏಳದೆಯೂ ಇರಬಹುದು.

"ಸಾರ್, ಇ.ಸಿ.ಜಿ. ಸರಿಯಾಗಿರೋವರೆಗೂ ಕಾಯೋಣ," ಎಂದೆ. "ಕೆಟ್ಟರೆ ನೀವು ಹೇಳಿದ ಹಾಗೆ."

ಅವರು "ನಿಮ್ಮ ಮೇಲೆ ಇರಲಿ," ಎಂದು ಪೂರ್ತಿ ಸತ್ತಿದ್ದ ಭಾಗವನ್ನಷ್ಟೇ ತೆಗೆದು, ಗಾಯವನ್ನು ತೆರೆದೇ ಬಿಟ್ಟು ಒದ್ದೆ ಬಟ್ಟೆ ಸುತ್ತಿದರು.

ಅವತ್ತೇ ಮೂತ್ರ ಪೂರ್ತಿ ನಿಂತಿತು. ಕೊಳವೆ ಕಟ್ಟಿಕೊಂಡಿರಬಹುದೆಂದು ತೊಳೆದು ನೋಡಿದೆವು. ಕೊಳವೆ ಸರಿಯಾಗಿತ್ತು, ಬರಲು ಒಳಗೆ ಏನೂ ಇರಲಿಲ್ಲ. ಸುಮ್ಮನೆ ಬಿಟ್ಟರೆ ಸೋಂಕಾಗುತ್ತದೆಂದು ಕೊಳವೆಯನ್ನೇ ತೆಗೆದೆವು. ನೀರು ಹೊರಗೆ ಹೋಗದವನಿಗೆ ಒಳಗೆ ಸುರಿಯುವ ಹಾಗಿಲ್ಲ, ಶ್ವಾಸಕೋಶ ತುಂಬಿಕೊಳ್ಳುತ್ತದೆ. ಡ್ರಿಪ್ ನಿಲ್ಲಿಸಿ ಮನೆಯವರಿಗೆ ಹೇಳಿದೆ: ಉಪ್ಪಿಲ್ಲ, ಬೇಳೆಯಿಲ್ಲ, ಹಣ್ಣಿಲ್ಲ, ಕುಡಿಯುವುದಕ್ಕೆ ದಿನಕ್ಕೆ ಎರಡೇ ಲೋಟ.

ಪೊಟ್ಯಾಸಿಯಂ ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ. ಇದ್ದದ್ದು ಹಳೆಯ ಇ.ಸಿ.ಜಿ. ಮೆಷಿನ್ನು. ಬಿಸಿ ಸೂಜಿ ಮೇಣದ ಕಾಗದದ ಮೇಲೆ ಗೆರೆ ಕೊರೆಯುತ್ತಿತ್ತು, ಸುಟ್ಟ ವಾಸನೆ ಬರುತ್ತಿತ್ತು. ಪೊಟ್ಯಾಸಿಯಂ ಏರುತ್ತ ಹೋದರೆ ಪ್ರತಿ ಬಡಿತದ ಕೊನೆಯಲ್ಲಿರುವ ದುಂಡನೆಯ ಅಲೆ ಚೂಪಾಗಿ ನಿಲ್ಲುತ್ತದೆ. ಇನ್ನೂ ಏರಿದರೆ ಬಡಿತದ ಗೆರೆಯೇ ಅಗಲವಾಗುತ್ತದೆ. ಆಮೇಲೆ ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ಬೆಳಗ್ಗೆ ಸಂಜೆ ನಾನೇ ಪಟ್ಟಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಅಲೆ ದುಂಡಗೇ ಇತ್ತು. ಮರುದಿನವೂ ದುಂಡಗಿತ್ತು. ಕಾಲಿನ ಬೆರಳು ಸ್ವಲ್ಪ ಬಿಸಿಯಾದಂತೆ ಕಂಡಿತು. ದೊಡ್ಡ ಡಾಕ್ಟರೂ ಕಾಲು ತೆಗೆಯುವ ಮಾತೆತ್ತಲಿಲ್ಲ. ಅವತ್ತು ನಾನು ಹೊಟ್ಟೆ ತುಂಬ ಊಟ ಮಾಡಿದೆ.

ಅದರ ಮಾರನೆಯ ದಿನ ಬೆಳಗ್ಗೆ ಮೆಷಿನ್ನಿನಿಂದ ಹೊರಬಂದ ಕಾಗದದ ಮೇಲೆ ಆ ಅಲೆಗಳೆಲ್ಲ ಗುಡಾರದ ತುದಿಯಂತೆ ನೆಟ್ಟಗೆ ನಿಂತಿದ್ದವು.

ತಂತಿ ಸರಿಯಾಗಿ ಕಟ್ಟಿಲ್ಲವೇನೋ ಎಂದು ಬಿಚ್ಚಿ ಮತ್ತೆ ಕಟ್ಟಿದೆ. ಅದೇ ಬಂತು. ಅವನು ಮಾತ್ರ, "ಏನಮ್ಮ, ಇವತ್ತು ಎಲ್ಡೆಲ್ಡು ಸಲ?" ಎಂದು ಕೇಳಿದ. "ನಾಲಿಗೆ ದಪ್ಪ ಆದಂಗೈತೆ, ಕೈಯಾಗೆ ಸಕ್ತಿ ಇಲ್ಲ" ಎಂದೂ ಹೇಳಿದ.

ದೊಡ್ಡ ಡಾಕ್ಟರು ಪಟ್ಟಿ ನೋಡಿದರು. "ಕಾಲು," ಎಂದರು, ಅಷ್ಟೇ. ಥಿಯೇಟರಿಗೆ ನೀರು ಕಾಯಿಸಲು ಹೇಳಿ, "ಮನೆಯವರ ಒಪ್ಪಿಗೆ ಕೇಳ್ಕೊಂಡು ಬನ್ನಿ" ಎಂದು ನನ್ನನ್ನು ಕಳಿಸಿದರು. ವರಾಂಡದಲ್ಲಿ ನಡೆಯುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಅವತ್ತೇ ತೆಗೆದಿದ್ದರೆ ಇವನು ಬದುಕುತ್ತಿದ್ದ. ನಾನು ಅಡ್ಡ ನಿಂತು ಇವನನ್ನು ಕೊಂದೆ.

ಹೆಂಡತಿ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಅವಳ ಅಪ್ಪ, ಎಂದರೆ ರೋಗಿಯ ಮಾವ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಬಂಗಾರಪೇಟೆ ಹತ್ತಿರದ ಹಳ್ಳಿಯವನು. ಸೀಮೆ ಹಸು ಕಟ್ಟಿಕೊಂಡು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹಾಲಿನ ಕ್ಯಾನು ಒಯ್ಯುವ ಮನುಷ್ಯ. ಅಳಿಯನಿಗೆ ಹೀಗಾದ ಮೇಲೆ ಹಸುಗಳನ್ನು ಪಕ್ಕದ ಮನೆಗೆ ಒಪ್ಪಿಸಿ ಬಂದಿದ್ದ.

"ಕಾಲು ತೆಗೀಬೇಕಾಗುತ್ತೆ," ಎಂದೆ.

ಅವನು ನನ್ನನ್ನೇ ನೋಡಿದ. "ಕಾಲು ತಗುದ್ರೆ ಉಚ್ಚೆ ಬತ್ತದಾ ತಾಯಿ?"

"ಗೊತ್ತಿಲ್ಲ. ಜೀವ ಉಳೀಬಹುದು."

"ಏನ್ ಕರ್ಮನಮ್ಮ ಇದು." ಟವೆಲಿನಲ್ಲಿ ಕಣ್ಣು ಒರೆಸಿಕೊಂಡ. "ನಾನೂ ಮಾಡೋದೆಲ್ಲ ಮಾಡ್ದೆ. ಊರಿಂದ ಎಳ್ನೀರು ಕೀಳ್ಸಿ ಒತ್ಕಂಡ್ ಬಂದೆ. ಮೊನ್ನೆ ಸಂಜೆಯಿಂದ ಅವ್ನಿಗೆ ಬ್ಯಾರೆ ನೀರೇ ಕೊಟ್ಟಿಲ್ಲ. ನೀವೇಳಿದ ಅಳ್ತೆ ಮೀರಿಲ್ಲ, ದೇವ್ರಾಣೆ. ಎಲ್ಡೇ ಲೋಟ. ಉಚ್ಚೆ ಕಟ್ಕಂಡ್ರೆ ನಮ್ ಕಡೆ ಅದೇ ಮದ್ದು. ಆದ್ರೂ ಒಂದ್ ತೊಟ್ಟು ಬರ್ಲಿಲ್ಲ ನೋಡಿ."

ಅವನ ಪಕ್ಕದಲ್ಲಿ ಒಂದು ಫ್ಲಾಸ್ಕು ಇತ್ತು. ಎರಡು ದಿನದಿಂದ ಅದನ್ನು ನೋಡುತ್ತಲೇ ಇದ್ದೆ, ಬಿಸಿನೀರು ಎಂದುಕೊಂಡಿದ್ದೆ. ಮುಚ್ಚಳ ತೆಗೆದು ಮೂಸಿದೆ.

ಎಳನೀರಿನ ತುಂಬ ಇರುವುದು ಪೊಟ್ಯಾಸಿಯಂ. ಕಿಡ್ನಿ ಸರಿಯಿದ್ದವರಿಗೆ ಅಮೃತ, ಇವನಿಗೆ ವಿಷ. ನಮ್ಮ ವಾರ್ಡಿನಲ್ಲಿ ಎಳನೀರು ತರದ ಬಂಧುವೇ ಇರಲಿಲ್ಲ. ಗಣಿಯ ಕಾವಿನಲ್ಲಿ ಬೆಂದು ಬಂದವರಿಗೆ ಉಷ್ಣ ಇಳಿಯಲಿ ಎಂದು ಎಲ್ಲ ಮಂಚದ ಹತ್ತಿರವೂ ತಂದಿಡುತ್ತಿದ್ದರು. ಅದು ಸಿಸ್ಟರುಗಳ ಕಣ್ಣಿಗೂ ನನ್ನ ಕಣ್ಣಿಗೂ ಕಾಣದಷ್ಟು ಮಾಮೂಲಾಗಿಹೋಗಿತ್ತು. ಹಣ್ಣು ಬೇಡ ಎಂದರೆ ಹಣ್ಣು ಬಿಟ್ಟರು, ಎರಡು ಲೋಟ ಎಂದರೆ ಎರಡೇ ಲೋಟ ಕುಡಿಸಿದರು. ಆ ಎರಡು ಲೋಟದಲ್ಲಿ ಒಳ್ಳೆಯದನ್ನೇ ಕುಡಿಸಿದರು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಷ್ಟು ಹೆದರಿಹೋಗಿದ್ದೆ.

"ಇದನ್ನ ಇನ್ನೊಂದು ತೊಟ್ಟೂ ಕೊಡಬೇಡಿ," ಎನ್ನುವಷ್ಟರಲ್ಲಿ ಒಳಗಿಂದ ಹೆಡ್ ಸಿಸ್ಟರ್ ಕೂಗಿದರು: "ಡಾಕ್ಟ್ರಮ್ಮ! ಓಡಿ ಬಾಂಗೊ!"

ಮೆಷಿನ್ನಿನ ಗೆರೆ ಅಗಲವಾಗಿತ್ತು. ಬಡಿತ ನಿಧಾನವಾಗಿ, ಸೂಜಿ ಎಳೆದುಕೊಂಡು ಹೋಗುತ್ತಿತ್ತು. ಕ್ಯಾಲ್ಸಿಯಂ ಗ್ಲುಕೋನೇಟಿನ ಗಾಜಿನ ಅಂಪುಲ್ ಒಡೆಯುವಾಗ ನನ್ನ ಬೆರಳು ಕುಯ್ದುಕೊಂಡಿತು, ಆಮೇಲೆ ರಕ್ತ ನೋಡಿದಾಗಲೇ ಗೊತ್ತಾದದ್ದು. ಆ ಮದ್ದನ್ನು ನಿಧಾನವಾಗಿ ಕೊಡಬೇಕು, ಅವಸರ ಮಾಡಿದರೆ ಅದೇ ಕೊಲ್ಲುತ್ತದೆ. ಒಂದು ಕಣ್ಣು ಸಿರಿಂಜಿನ ಮೇಲೆ, ಒಂದು ಕಣ್ಣು ಮೆಷಿನ್ನಿನ ಸೂಜಿಯ ಮೇಲೆ ಇಟ್ಟು ತಳ್ಳುತ್ತ ಹೋದೆ. ಗೆರೆ ಅಗಲವಾಗೇ ಇತ್ತು. ತಳ್ಳುತ್ತಲೇ ಇದ್ದೆ. ಕಣ್ಣೆದುರಿಗೇ ಗೆರೆ ಸಣ್ಣಗಾಗತೊಡಗಿತು. ಹೆಡ್ ಸಿಸ್ಟರ್ ಶಿಲುಬೆಯ ಗುರುತು ಮಾಡಿಕೊಂಡರು.

ಕ್ಯಾಲ್ಸಿಯಂ ಹೃದಯವನ್ನು ಸ್ವಲ್ಪ ಹೊತ್ತು ಕಾಪಾಡುತ್ತದೆ, ಪೊಟ್ಯಾಸಿಯಂ ತೆಗೆಯುವುದಿಲ್ಲ. ಗ್ಲೂಕೋಸಿನ ಜೊತೆ ಇನ್ಸುಲಿನ್ ಕೊಟ್ಟರೆ ಅದನ್ನು ಕೋಶಗಳ ಒಳಕ್ಕೆ ತಳ್ಳುತ್ತದೆ, ಅದೂ ಸ್ವಲ್ಪ ಹೊತ್ತಿಗೆ. ಎರಡೂ ಕೊಟ್ಟಾಗಿತ್ತು. ಬಾಗಿಲಲ್ಲಿ ದೊಡ್ಡ ಡಾಕ್ಟರು ಗೌನು ಹಾಕಿಕೊಂಡು ನಿಂತಿದ್ದರು. ಅವರಿಗೆ ಎಳನೀರಿನ ವಿಷಯ ಹೇಳಿದೆ.

"ಅದೊಂದರಿಂದಲೇ ಅಂತ ಹೇಗೆ ಹೇಳ್ತೀರಿ? ಕಾಲೂ ಸೇರಿರಬಹುದು."

"ಇರಬಹುದು ಸಾರ್." ನಿಜಕ್ಕೂ ನನಗೆ ಖಚಿತವಿರಲಿಲ್ಲ. "ಆದರೆ ಸರಿಯಾಗಿದ್ದ ಗೆರೆ ಎಳನೀರು ಶುರುವಾದ ಮೇಲೆ ಕೆಟ್ಟಿದೆ. ಈ ಹೃದಯಕ್ಕೆ ಅರಿವಳಿಕೆ ಕೊಟ್ಟರೆ ಮೇಜಿನ ಮೇಲೇ ನಿಲ್ಲುತ್ತೆ. ಹೊಟ್ಟೆಗೆ ಕೊಳವೆ ಹಾಕಿ ಡಯಾಲಿಸಿಸ್ ಮಾಡೋಣ. ಇಲ್ಲೇ."

"ನೀವು ಮಾಡಿದ್ದೀರಾ?"

"ನೋಡಿದ್ದೀನಿ. ಪಕ್ಕದಲ್ಲಿ ನಿಂತು ಹಿಡ್ಕೊಂಡಿದ್ದೀನಿ. ಒಬ್ಬಳೇ ಮಾಡಿಲ್ಲ."

ಬೆಂಗಳೂರಿನಲ್ಲಿದ್ದ ನನ್ನ ಹಳೆಯ ಮೇಷ್ಟರಿಗೆ ಟ್ರಂಕ್ ಕಾಲ್ ಹಾಕಿದೆವು. ಲೈನು ಸಿಗುವವರೆಗೆ ನಾನು ಫೋನಿನ ಪಕ್ಕ ನಿಂತು ಮೆಷಿನ್ನಿನ ಸದ್ದಿಗೆ ಕಿವಿ ಕೊಟ್ಟಿದ್ದೆ. ಮೇಷ್ಟರು ಗೆರೆ ಹೇಗಿದೆ ಎಂದು ಕೇಳಿಸಿಕೊಂಡು, "ಕಾರಿನಲ್ಲಿ ಹಾಕಿದರೆ ದಾರಿಯಲ್ಲೇ ಹೋಗ್ತಾನೆ. ಅಲ್ಲೇ ಶುರು ಮಾಡು. ದ್ರವದ ಬಾಟಲಿ ನಾನು ಕೊಡ್ತೀನಿ, ಯಾರನ್ನಾದರೂ ಕಳಿಸು," ಎಂದರು. ಫೋನಿಡುವ ಮೊದಲು, "ಕೈ ನಡುಗಿದರೆ ನಿಂತುಕೊ, ನಡುಗೋದು ನಿಂತ ಮೇಲೆ ಚುಚ್ಚು," ಎಂದೂ ಹೇಳಿದರು.

ಸ್ಟೋರಿನಲ್ಲಿ ಹಿಂದಿನ ಡಾಕ್ಟರೊಬ್ಬರು ತರಿಸಿಟ್ಟಿದ್ದ ಒಂದು ಪೆಟ್ಟಿಗೆ ಇತ್ತು: ಕೊಳವೆಗಳು, ಕೆಲವು ಬಾಟಲಿ ದ್ರವ. ಒಂದೊಂದು ಬಾಟಲಿಯನ್ನೂ ಬೆಳಕಿಗೆ ಹಿಡಿದು ನೋಡಿದೆವು, ತಿಳಿಯಾಗಿತ್ತು. ಒಂದು ದಿನಕ್ಕೆ ಸಾಕು, ಅದಕ್ಕಿಂತ ಹೆಚ್ಚಿಲ್ಲ. ಬೆಂಗಳೂರಿಗೆ ಯಾರನ್ನು ಕಳಿಸುವುದು ಎಂದಾಗ ಮಾವ ಎದ್ದು ನಿಂತ.

"ನಾನೋಗ್ತೀನಿ. ರೈಲು ನನ್ಗೆ ಒಸದಾ? ದಿನಾ ಆಲು ಒತ್ಕಂಡೋಗೋನು. ಕ್ಯಾನ್ನಾಗೆ ಉಲ್ಲು ಆಕಿ ಮಡಿಕ್ಕಂಡ್ ಬತ್ತೀನಿ, ಒಂದೂ ಒಡ್ಯಾಕಿಲ್ಲ."

ಎಳನೀರಿನಿಂದಲೇ ಹೀಗಾಯಿತೆಂದು ಅವನಿಗೆ ಯಾರೋ ಹೇಳಿಬಿಟ್ಟಿದ್ದರು. ಅವನ ಮುಖ ನೋಡಲಾಗುತ್ತಿರಲಿಲ್ಲ.

ಹೊಟ್ಟೆಯ ಒಳಗೆ ಕರುಳನ್ನು ಸುತ್ತಿಕೊಂಡಿರುವ ತೆಳುವಾದ ಪೊರೆಯೊಂದಿದೆ. ಅದರ ಒಂದು ಕಡೆ ರಕ್ತ ಹರಿಯುತ್ತದೆ. ಇನ್ನೊಂದು ಕಡೆ ಪೊಟ್ಯಾಸಿಯಂ ಇಲ್ಲದ ದ್ರವ ತುಂಬಿಸಿಟ್ಟರೆ ರಕ್ತದಲ್ಲಿರುವ ಪೊಟ್ಯಾಸಿಯಂ, ಕೊಳೆ ಎಲ್ಲ ತಾನಾಗಿ ಈ ಕಡೆಗೆ ಇಳಿಯುತ್ತದೆ. ಆಮೇಲೆ ಆ ದ್ರವವನ್ನು ಹೊರಗೆ ಬಿಟ್ಟು ಹೊಸದು ತುಂಬಬೇಕು. ಕೇಳುವುದಕ್ಕೆ ಇಷ್ಟೇ. ಆದರೆ ಆ ದ್ರವ ಬಿಡಲು, ನಡುವೆ ಚೂಪು ಸರಳಿರುವ ಕೊಳವೆಯನ್ನು ಹೊಕ್ಕುಳದ ಕೆಳಗೆ ಚುಚ್ಚಬೇಕು, ಚುಚ್ಚುವಾಗ ಕರುಳು ಸಿಕ್ಕಬಾರದು.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಚರ್ಮವನ್ನು ಚೂರು ಕೊಯ್ದೆ. ಕರುಳು ಹಿಂದೆ ಸರಿಯಲೆಂದು ಮೊದಲು ದಪ್ಪ ಸೂಜಿಯಲ್ಲಿ ಹೊಟ್ಟೆಗೆ ದ್ರವ ಬಿಟ್ಟೆವು. "ತಲೆ ಎತ್ತಿ ಹೊಟ್ಟೆ ಬಿಗಿ ಹಿಡಿಯಪ್ಪ," ಎಂದೆ. ಎತ್ತಿದ. ನನ್ನ ಕೈ ನಡುಗುತ್ತಿತ್ತು. ನಿಂತುಕೊಂಡೆ. ದೊಡ್ಡ ಡಾಕ್ಟರು ಎದುರುಗಡೆ ಕೈಗವಸು ಹಾಕಿ ನಿಂತಿದ್ದರು, ಅವಸರ ಮಾಡಲಿಲ್ಲ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತ ಒತ್ತಿದೆ. ಹೋಗಲಿಲ್ಲ. ಇನ್ನೂ ಒತ್ತಿದೆ. ಟಪ್ ಎಂದು ಸಡಿಲವಾಯಿತು. ಆ ಸಡಿಲವಾಗುವುದು ಪೊರೆ ದಾಟಿದ್ದಕ್ಕೋ ಕರುಳು ತೂತಾದದ್ದಕ್ಕೋ ಆ ಗಳಿಗೆಯಲ್ಲಿ ಗೊತ್ತಾಗುವುದಿಲ್ಲ. ಸರಳು ಎಳೆದು ಕೊಳವೆಯನ್ನು ಕೆಳಮುಖವಾಗಿ ಜಾರಿಸಿದೆ. ಬಕೆಟ್ಟಿನ ಬಿಸಿನೀರಿನಲ್ಲಿಟ್ಟ ಬಾಟಲಿಗಳನ್ನು ಹೆಡ್ ಸಿಸ್ಟರ್ ಕೆನ್ನೆಗೆ ಒತ್ತಿ ಶಾಖ ನೋಡಿ ತೂಗುಹಾಕಿದರು. ದ್ರವ ಇಳಿಯಿತು. ಅರ್ಧ ಗಂಟೆ ಬಿಟ್ಟು, ನೆಲದ ಮೇಲಿಟ್ಟ ಬಾಟಲಿಗೆ ಕೆಳಗಿನ ಕೊಳವೆ ತಿರುಗಿಸಿದೆವು.

ಒಂದು ಹನಿಯೂ ಬರಲಿಲ್ಲ.

ಒಳಗೆ ಹೋದದ್ದು ಒಳಗೇ. ಹೊಟ್ಟೆ ಬಿಗಿದು ಅವನು ಮೇಲುಸಿರು ಬಿಡತೊಡಗಿದ. ನಾನು ಕೊಳವೆ ಹಿಂಡಿದೆ, ಸಿರಿಂಜಿನಲ್ಲಿ ತಳ್ಳಿ ನೋಡಿದೆ. ಕರುಳಿಗೇ ಹೋಗಿದೆ, ಮುಗಿಯಿತು ಎಂದುಕೊಂಡೆ. "ಮಗ್ಗುಲು ತಿರುಗಿಸಿ ನೋಡೋಣ," ಎಂದರು ದೊಡ್ಡ ಡಾಕ್ಟರು. ಕಾಲಿನ ಗಾಯ ನೋಡಿಕೊಂಡು ಮೂವರು ಸೇರಿ ಅವನನ್ನು ಎಡಕ್ಕೆ ತಿರುಗಿಸಿ ಹೊಟ್ಟೆ ಒತ್ತಿದೆವು. ಕೊಳವೆ ಗುಳಗುಳ ಎಂದು, ತೆಳು ಗುಲಾಬಿ ಬಣ್ಣದ ದ್ರವ ಧಾರೆಯಾಗಿ ಸುರಿಯಿತು. ಅದರಲ್ಲಿ ಮಲದ ವಾಸನೆ ಇರಲಿಲ್ಲ. ಕರುಳು ತೂತಾಗಿರಲಿಲ್ಲ.

ತುಂಬುವುದು, ಬಿಡುವುದು, ಅಳೆಯುವುದು. ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದು ಕಡಿಮೆಯಾದರೆ ಮತ್ತೆ ಮಗ್ಗುಲು ತಿರುಗಿಸುವುದು. ಸೋಂಕು ಬಂತೇ ಎಂದು ತಿಳಿಯಲು ಬಾಟಲಿಯ ಹಿಂದೆ ಪೇಪರು ಹಿಡಿದು ಅಕ್ಷರ ಓದಲಾಗುತ್ತದೆಯೇ ಎಂದು ನೋಡುವುದು. ಹೆಡ್ ಸಿಸ್ಟರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. "ನಂಗೆ ಓದೋಕೆ ಬರಲ್ಲ, ಆದ್ರೆ ಕಾಣುತ್ತೆ, ಅದು ಸಾಕಲ್ಲ?" ಎನ್ನುತ್ತಿದ್ದರು. ಸಂಜೆಯ ಪಟ್ಟಿಯಲ್ಲಿ ಅಲೆಗಳ ಚೂಪು ಸ್ವಲ್ಪ ಮೊಂಡಾಯಿತು. ನಮ್ಮ ಬಾಟಲಿಗಳು ಮುಗಿಯುವ ಮೊದಲೇ ಮಾವ ಬಂದ, ಹಾಲಿನ ಕ್ಯಾನುಗಳಲ್ಲಿ ಹುಲ್ಲು ಒತ್ತಿ ಬಾಟಲಿ ತುಂಬಿಕೊಂಡು. ಒಂದೂ ಒಡೆದಿರಲಿಲ್ಲ. ಅವನು ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಅಳಿಯನ ಎದೆ ಏರಿಳಿಯುವುದನ್ನು ನೋಡಿ ಮತ್ತೆ ಸ್ಟೇಷನ್ನಿಗೆ ಹೋದ. ಅವನು ಎಷ್ಟು ಸಲ ಹಾಗೆ ಹೋಗಿ ಬಂದನೋ ನಾವು ಲೆಕ್ಕ ಇಡಲಿಲ್ಲ.

ಕಾಲು ನಿಧಾನವಾಗಿ ಕೆಂಪಾಗುತ್ತ ಬಂತು. ದೊಡ್ಡ ಡಾಕ್ಟರು ದಿನಾ ಬಟ್ಟೆ ಬಿಚ್ಚಿ, ಚಿವುಟಿ, ಸತ್ತ ಚೂರುಗಳನ್ನು ತೆಗೆಯುತ್ತಿದ್ದರು. "ಪಾದ ಜೋತುಬೀಳುತ್ತೆ, ಆದರೆ ಕಾಲು ಇರುತ್ತೆ," ಎಂದರು ಒಂದು ದಿನ. ಕಿಡ್ನಿಯದು ಮಾತ್ರ ಸುದ್ದಿಯಿಲ್ಲ.

ಕಿಡ್ನಿಯ ಕೊಳವೆಗಳಿಗೆ ಒಳಗಡೆ ಒಂದೇ ಸಾಲು ಕೋಶಗಳ ಲೇಪ. ಏಟು ಬಿದ್ದಾಗ ಅವು ಮೂರು ದಾರಿ ಹಿಡಿಯುತ್ತವೆ. ಕೆಲವು ಸಿಡಿದು ಸಾಯುತ್ತವೆ, ಅಕ್ಕಪಕ್ಕದವಕ್ಕೂ ಉರಿ ಹಚ್ಚುತ್ತವೆ. ಕೆಲವು ಇನ್ನು ರಿಪೇರಿ ಸಾಧ್ಯವಿಲ್ಲ ಎಂದಾಗ ತಾವೇ ತಮ್ಮನ್ನು ತುಂಡು ತುಂಡಾಗಿ ಮಡಚಿಕೊಂಡು ಯಾರಿಗೂ ತೊಂದರೆ ಕೊಡದೆ ಹೋಗುತ್ತವೆ. ಇನ್ನು ಕೆಲವು ಕೆಲಸ ಬಿಟ್ಟು ಚಪ್ಪಟೆಯಾಗಿ ನೆಲ ಕಚ್ಚಿ ಮಲಗುತ್ತವೆ. ಹಾಗೆ ಮಲಗಿದವು ಎದ್ದರೆ ಒಂದು ಎರಡಾಗಿ, ಎರಡು ನಾಲ್ಕಾಗಿ ಖಾಲಿ ಬಿದ್ದ ಗೋಡೆಯನ್ನು ಮತ್ತೆ ತುಂಬುತ್ತವೆ. ಇದನ್ನೆಲ್ಲ ನಾನು ಸರಿಯಾಗಿ ಓದಿಕೊಂಡದ್ದು ಆಮೇಲೆ. ಆಗ ಗೊತ್ತಿದ್ದದ್ದು ಇಷ್ಟೇ: ಎಷ್ಟು ಸತ್ತಿವೆ, ಎಷ್ಟು ಮಲಗಿವೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಇನ್ನೊಂದು ಏಟು ಬೀಳದ ಹಾಗೆ ಕಾಯುವುದೊಂದೇ ಕೆಲಸ.

"ಕಿಡ್ನಿ ಸತ್ತೋಗೈತಾ ಡಾಕ್ಟ್ರಮ್ಮ?" ಹೆಂಡತಿ ಕೇಳಿದಳು.

"ಗೊತ್ತಿಲ್ಲ ಕಣಮ್ಮ. ಸತ್ತಿದ್ರೂ ಹೀಗೇ ಇರುತ್ತೆ, ಸುಮ್ಮನಿದ್ರೂ ಹೀಗೇ ಇರುತ್ತೆ."

"ಮತ್ತೆ ನೀವು ಯಾಕೆ ಇಷ್ಟು ಎದುರ್ಕಂತೀರ? ನಿಮ್ ಮೊಕ ನೋಡೇ ನನ್ಗೆ ಜೀವ ಓಗ್ತದೆ."

ಅಲ್ಲಿಂದಾಚೆ ಅವಳ ಎದುರಿಗೆ ಹೋಗುವ ಮೊದಲು ನಾನು ಬಾಗಿಲಲ್ಲಿ ನಿಂತು ಮುಖ ಸರಿಮಾಡಿಕೊಳ್ಳುತ್ತಿದ್ದೆ.

ಆಮೇಲೆ ಒಂದು ದಿನ ಬಾಟಲಿಯ ಹಿಂದೆ ಹಿಡಿದ ಅಕ್ಷರ ಮಸುಕಾಗಿ ಕಂಡಿತು. ಹೆಡ್ ಸಿಸ್ಟರ್ ಪೇಪರು ನನ್ನ ಕೈಗೆ ಕೊಟ್ಟರು. ನಾನೂ ಓದಲಾರದೆ ಹೋದೆ. ಹೊಟ್ಟೆಯಲ್ಲಿ ಸೋಂಕು. ಆಂಟಿಬಯಾಟಿಕ್ ಹಾಕಿ ನೋಡಿದೆವು, ಜ್ವರ ಏರಿತು. ಕೊಳವೆ ತೆಗೆಯಲೇಬೇಕಾಯಿತು. ಕೊಳವೆ ತೆಗೆದ ಮೇಲೆ ಅವನಿಗೂ ಆ ಗುಡಾರದ ಅಲೆಗಳಿಗೂ ನಡುವೆ ಏನೂ ಉಳಿಯಲಿಲ್ಲ. ಸಂಜೆ ಪಟ್ಟಿ ತೆಗೆದಾಗ ಅಲೆ ಮತ್ತೆ ಚೂಪಾಗತೊಡಗಿತ್ತು. ದೊಡ್ಡ ಡಾಕ್ಟರು ನನ್ನ ಭುಜದ ಮೇಲೆ ಕೈಯಿಟ್ಟು, "ಮನೆಗೆ ಹೋಗಿ ಮಲಗಿ" ಎಂದರು. ಅವರು ಹಾಗೆ ಮೆತ್ತಗೆ ಮಾತಾಡಿದ್ದಕ್ಕೇ ನನಗೆ ಇನ್ನಷ್ಟು ದಿಗಿಲಾಯಿತು.

ಮನೆಯಲ್ಲಿ ಮಲಗಿದೆ, ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ಆಸ್ಪತ್ರೆಗೆ ಬಂದೆ. ವಾರ್ಡಿನ ಬಾಗಿಲ ಹತ್ತಿರ ಬರುವಷ್ಟರಲ್ಲಿ ಒಳಗಿನಿಂದ ಆಯಾಳ ಏರುದನಿ, ಹೆಂಡತಿಯ ಅಳು. ಆಯಿತು, ಹೋದ, ಎಂದುಕೊಂಡು ಗೋಡೆ ಹಿಡಿದು ನಿಂತೆ. ಆಮೇಲೆ ಒಳಗೆ ಹೋದೆ.

ಆಯಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಹೆಂಡತಿ ನನ್ನನ್ನು ಕಂಡ ಕೂಡಲೇ ಹಾಸಿಗೆಯನ್ನು ಸೆರಗಿನಿಂದ ಮುಚ್ಚಲು ನೋಡಿದಳು. ಅವನು ಗೋಡೆಯ ಕಡೆ ಮುಖ ಮಾಡಿಕೊಂಡಿದ್ದ.

"ಬೈಬ್ಯಾಡಿ ಡಾಕ್ಟ್ರಮ್ಮ, ತಪ್ಪಾಯ್ತು," ಎಂದಳು. "ಎಚ್ಚರಿಲ್ದೆ ಆಸ್ಗೆ ಒದ್ದೆ ಮಾಡ್ಕಂಡವ್ರೆ. ನಾನೇ ಒಗ್ದಾಕ್ತೀನಿ, ಆಯಾ ಕೈಗೆ ಕೊಡಾಕಿಲ್ಲ."

ನಾನು ಅವಳ ಸೆರಗು ಸರಿಸಿ ಎರಡೂ ಕೈಗಳನ್ನು ಹಾಸಿಗೆಯ ಮೇಲಿಟ್ಟೆ. ಒದ್ದೆಯಾಗಿತ್ತು, ಬಿಸಿಯಾಗಿತ್ತು. ಇಷ್ಟು ದಿನ ಒಂದು ತೊಟ್ಟೂ ಬರದಿದ್ದ ಮೂತ್ರ ಕೆಳಗೆ ನೆಲದ ಮೇಲೂ ತೊಟ್ಟಿಕ್ಕುತ್ತಿತ್ತು. ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ, ಗೊಳೋ ಎಂದು ಅಳು ಬಂತು. ಮಂಚದ ಕಾಲಿನ ಹತ್ತಿರ ನೆಲದ ಮೇಲೇ ಕೂತುಬಿಟ್ಟೆ.

ಬೈಗುಳ ಕಾಯುತ್ತಿದ್ದ ಆ ಹೆಂಗಸು, ಡಾಕ್ಟರೇ ಹೀಗೆ ಅಳುವುದನ್ನು ಕಂಡು, ಇನ್ನೇನು ಉಳಿದಿಲ್ಲ ಎಂದುಕೊಂಡು ವಾರ್ಡೆಲ್ಲ ನಡುಗುವ ಹಾಗೆ ಚೀರಿಕೊಂಡಳು.

ಅವನು ಗೋಡೆಯ ಕಡೆಯಿಂದ ತಿರುಗಿದ.

"ಇಲ್ಲೇ ಇವ್ನಿ ಕಣೇ," ಎಂದ. "ಯಾಕ್ ಬಡ್ಕಂತೀಯ?"